ಪಟ್ಟೆ ಎಲೆಯ ಯುಕ್ಕಾ: ಒಂದೇ ಗಿಡದೊಳಗೆ ಎರಡು ಗಿಡ

2024ರ ಮಾರ್ಚ್ ನೆನಪಿದೆ ಅಲ್ವಾ? ಬೆಂಗಳೂರಿನಲ್ಲಿ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್ ದಾರಿ ಕಾಯುತ್ತಿದ್ದ ದಿನಗಳವು. ಆಗ ಜಲಮಂಡಳಿ ಒಂದು ಆದೇಶ ಹೊರಡಿಸಿತು. ಕುಡಿಯುವ ನೀರಲ್ಲಿ ಕಾರು ತೊಳೆಯುವಂತಿಲ್ಲ, ಕೈತೋಟಕ್ಕೆ ಹಾಕುವಂತಿಲ್ಲ. ಮೀರಿದರೆ 5,000 ರೂಪಾಯಿ ದಂಡ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಎಂದು ಎತ್ತಿಟ್ಟು ಹಾಕಿದರೂ ನಮ್ಮ ಬೀದಿಯ ಎಷ್ಟೋ ಮನೆಗಳ ಗುಲಾಬಿ, ಫರ್ನ್ ಒಣಗಿಹೋದವು. ಒಂದು ಮನೆಯ ಗೇಟಿನ ಪಕ್ಕ ಮಾತ್ರ ಒಂದು ಗಿಡ ಬಾಡದೆ ನಿಂತಿತ್ತು. ಕತ್ತಿಯಂಥ ಉದ್ದನೆಯ ಎಲೆ. ನಡುವೆ ಹಸಿರು, ಎರಡೂ ಅಂಚಿಗೆ ಕೆನೆಹಳದಿ ಪಟ್ಟೆ. ಅದು ಯುಕ್ಕಾ.

ಅಲ್ಲಿಂದ ಈಚೆಗೆ ಪರಿಚಯದವರು ಈ ಗಿಡದ ಬಗ್ಗೆ ಕೇಳುತ್ತಲೇ ಇದ್ದಾರೆ. ಎಷ್ಟು ದಿನಕ್ಕೊಮ್ಮೆ ನೀರು ಹಾಕಬೇಕು? ಮಳೆಗಾಲದಲ್ಲಿ ಯಾಕೆ ಕೊಳೆಯಿತು? ಪಟ್ಟೆ ಇದ್ದ ಗಿಡದಿಂದ ಬರೀ ಹಸಿರು ಮರಿ ಯಾಕೆ ಬಂತು? ಪ್ರಶ್ನೆಗಳು ಬೇರೆ ಬೇರೆಯಾಗಿ ಕಾಣುತ್ತವೆ. ಆದರೆ ಎರಡು ಸಂಗತಿ ಗೊತ್ತಾದರೆ ಎಲ್ಲಕ್ಕೂ ಉತ್ತರ ಸಿಗುತ್ತದೆ. ಒಂದು, ಆ ಪಟ್ಟೆ ಎಲ್ಲಿಂದ ಬಂತು. ಇನ್ನೊಂದು, ಈ ಗಿಡ ನೀರನ್ನು ಹೇಗೆ ಉಳಿಸುತ್ತದೆ.

ಯಾವ ಊರಿನ ಗಿಡ

ಯುಕ್ಕಾ ಅಮೆರಿಕ ಖಂಡದ ಗಿಡ. ಉತ್ತರ ಅಮೆರಿಕ, ಮೆಕ್ಸಿಕೊ, ಮಧ್ಯ ಅಮೆರಿಕ, ಕೆರಿಬಿಯನ್ ದ್ವೀಪಗಳಲ್ಲಿ ಇದರ ಸುಮಾರು 40ರಿಂದ 50 ಜಾತಿಗಳಿವೆ. ಕೆಲವು ಮರುಭೂಮಿಯಲ್ಲಿ ಬೆಳೆಯುತ್ತವೆ, ಕೆಲವು ಸಮುದ್ರದ ದಂಡೆಯ ಮರಳಿನಲ್ಲಿ. ಕ್ಯಾಲಿಫೋರ್ನಿಯಾದ ಹೆಸರಾಂತ ಜೋಶುವಾ ಮರವೂ ಒಂದು ಯುಕ್ಕಾನೇ. ನಮ್ಮ ಹೊಲದ ಬದುಗಳಲ್ಲಿ ಬೆಳೆಯುವ ಕತ್ತಾಳೆ ಇದರ ಹತ್ತಿರದ ನೆಂಟ. ಕತ್ತಾಳೆಯೂ ಅಮೆರಿಕದಿಂದಲೇ ಬಂದದ್ದು.

ಹೆಸರಿನಲ್ಲಿ ಒಂದು ತಪ್ಪು ಸೇರಿಕೊಂಡಿದೆ. ಕೆರಿಬಿಯನ್ ಜನ ಮರಗೆಣಸನ್ನು ‘ಯುಕಾ’ ಎನ್ನುತ್ತಿದ್ದರು. 16ನೇ ಶತಮಾನದ ಕೊನೆಯಲ್ಲಿ ಲಂಡನ್ನಿನ ಜಾನ್ ಜೆರಾರ್ಡ್ ಎಂಬ ಗಿಡಪ್ರೇಮಿ ತನ್ನ ತೋಟದಲ್ಲಿ ಈ ಕತ್ತಿ ಎಲೆಯ ಗಿಡ ಬೆಳೆಸಿ, ಇದೇ ಆ ಮರಗೆಣಸು ಎಂದುಕೊಂಡ. 1753ರಲ್ಲಿ ಲಿನೇಯಸ್ ಗಿಡಗಳಿಗೆಲ್ಲ ಹೆಸರಿಡುವಾಗ ಆ ಹೆಸರೇ ಗಟ್ಟಿಯಾಯಿತು. ಮರಗೆಣಸಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಇದನ್ನು ಹೇಳಲು ಕಾರಣವಿದೆ. ಇಂಟರ್‌ನೆಟ್ಟಿನಲ್ಲಿ ‘ಯುಕಾ ಚಿಪ್ಸ್’, ‘ಯುಕಾ ಪಲ್ಯ’ ಎಂದು ನೋಡಿ, ಕುಂಡದ ಯುಕ್ಕಾದ ಬೇರನ್ನು ಯಾರೂ ಬೇಯಿಸಬಾರದು. ಅದು ತಿನ್ನುವ ಗೆಡ್ಡೆಯಲ್ಲ.

ನಮ್ಮ ಕಡೆ ತೋಟಗಳಲ್ಲಿ ಕಾಣುವ ಪಟ್ಟೆ ಯುಕ್ಕಾ ಹೆಚ್ಚಾಗಿ ‘ಯುಕ್ಕಾ ಆಲೋಯಿಫೋಲಿಯಾ’ ಜಾತಿಯದು. ಲೋಳೆಸರದಂಥ ಎಲೆಯುಳ್ಳದ್ದು ಎಂದು ಆ ಹೆಸರಿನ ಅರ್ಥ. ಅಮೆರಿಕದ ಆಗ್ನೇಯ ಕರಾವಳಿ, ಮೆಕ್ಸಿಕೊ ಮತ್ತು ಕೆರಿಬಿಯನ್‌ನ ಮರಳು ದಿಬ್ಬಗಳು ಇದರ ತವರು. ಅಂಚು ಹಳದಿಯಿದ್ದರೆ ‘ಮಾರ್ಜಿನೇಟಾ’, ನಡುವೆ ಬಿಳಿ ಅಥವಾ ಹಳದಿ ಪಟ್ಟೆಯಿದ್ದು ಎಳೆ ಎಲೆಗೆ ಕೆಂಪು ಛಾಯೆ ಬಂದರೆ ‘ಟ್ರೈಕಲರ್’ ಎಂದು ಕರೆಯುತ್ತಾರೆ. ಅಮೆರಿಕ, ಇಂಗ್ಲೆಂಡ್‌ಗಳಲ್ಲಿರುವ ಕನ್ನಡಿಗರ ಮನೆ ಮುಂದೆ ಕಾಣುವುದು ಸಾಮಾನ್ಯವಾಗಿ ಬೇರೆ ಜಾತಿ, ‘ಫಿಲಮೆಂಟೋಸಾ’. ಅದರ ಎಲೆಯಂಚಿನಿಂದ ಸುರುಳಿ ಸುರುಳಿಯಾಗಿ ನಾರು ಬಿಚ್ಚಿಕೊಂಡಿರುತ್ತದೆ. ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯನ್ನೂ ಅದು ತಾಳುತ್ತದೆ. ‘ಕಲರ್ ಗಾರ್ಡ್’, ‘ಬ್ರೈಟ್ ಎಡ್ಜ್’ ಅದರ ಪಟ್ಟೆ ತಳಿಗಳು. ಕಲರ್ ಗಾರ್ಡ್‌ಗೆ ಹಳದಿ ನಡುವೆ ಇರುತ್ತದೆ, ಬ್ರೈಟ್ ಎಡ್ಜ್‌ಗೆ ಅಂಚಿನಲ್ಲಿ.

ಕೊಳ್ಳುವಾಗ ಗುರುತು ಹಿಡಿಯುವುದು

ಪಟ್ಟೆ ಎಲೆಯ ಎಲ್ಲ ಗಿಡವೂ ಯುಕ್ಕಾ ಅಲ್ಲ. ನರ್ಸರಿಯಲ್ಲಿ ಹೆಸರು ಅದಲುಬದಲಾಗುವುದು ಮಾಮೂಲು. ಎಲೆ ದಪ್ಪಗೆ, ರಸ ತುಂಬಿಕೊಂಡು, ಅಂಚಿನಲ್ಲಿ ಕೊಕ್ಕೆ ಮುಳ್ಳುಗಳಿದ್ದರೆ ಅದು ಪಟ್ಟೆ ಕತ್ತಾಳೆ. ಎಲೆ ಮೆತ್ತಗೆ ಬಾಗಿ, ತುದಿ ಚುಚ್ಚದಿದ್ದರೆ ಬಹುಶಃ ಡ್ರಸೀನಾ. ಅಂಚಿಗೆ ಮಾತ್ರವಲ್ಲ, ಎಲೆಯ ಬೆನ್ನಿನ ನಡುನರದ ಮೇಲೂ ಗರಗಸದಂತೆ ಮುಳ್ಳಿದ್ದರೆ ಅದು ಕೇದಿಗೆ ಕುಟುಂಬದ ಗಿಡ. ಆಲೋಯಿಫೋಲಿಯಾ ಯುಕ್ಕಾದ ಎಲೆ ತೆಳುವಾಗಿ, ಬಿಗಿಯಾಗಿ, ನೆಟ್ಟಗೆ ಇರುತ್ತದೆ. ಉದ್ದ ಒಂದರಿಂದ ಎರಡು ಅಡಿ. ಅಂಚನ್ನು ಸವರಿದರೆ ಸಣ್ಣ ಗರಗಸ ತಗುಲಿದಂತೆ ಆಗುತ್ತದೆ. ತುದಿಯಲ್ಲಿ ದಬ್ಬಳದಂಥ ಒಂದೇ ಮುಳ್ಳು. ಸವರುವಾಗ ಮೆಲ್ಲಗೆ ಸವರಿ, ಕೈ ಕುಯ್ಯುತ್ತದೆ.

ಪಟ್ಟೆ ಬಂದದ್ದು ಹೇಗೆ

ಎಲೆ ಹಸಿರಾಗಿ ಕಾಣುವುದು ಪತ್ರಹರಿತ್ತಿನಿಂದ. ಬಿಸಿಲು ಹಿಡಿದು ಗಿಡಕ್ಕೆ ಅಡುಗೆ ಮಾಡಿಕೊಡುವುದು ಅದೇ. ಪಟ್ಟೆಯಿರುವ ಜಾಗದಲ್ಲಿ ಪತ್ರಹರಿತ್ತು ಇಲ್ಲ, ಅಥವಾ ತೀರಾ ಕಡಿಮೆ ಇದೆ. ಹಸಿರು ಹೋದ ಮೇಲೆ ಒಳಗಿದ್ದ ಹಳದಿ ಬಣ್ಣ ಉಳಿದರೆ ಪಟ್ಟೆ ಹಳದಿ. ಅದೂ ಇಲ್ಲದಿದ್ದರೆ ಬಿಳಿ. ಅಂದರೆ ಪಟ್ಟೆ ಎನ್ನುವುದು ಮೇಲೆ ಬಳಿದ ಬಣ್ಣವಲ್ಲ. ಹಸಿರು ಇಲ್ಲದ ಜಾಗ.

ಹಾಗಾದರೆ ಅದು ಎಲೆ ತುಂಬ ಚೆಲ್ಲಾಪಿಲ್ಲಿಯಾಗದೆ, ಅಳೆದಿಟ್ಟ ಹಾಗೆ ಅಂಚಿನಲ್ಲೇ ಯಾಕೆ ಬರುತ್ತದೆ? ಇದಕ್ಕೆ ಸೀರೆಯ ಅಂಚು ಒಳ್ಳೆಯ ಹೋಲಿಕೆ. ಕೈಮಗ್ಗದ ಸೀರೆಯ ಅಂಚಿನ ಬಣ್ಣವನ್ನು ನೇಯ್ದ ಮೇಲೆ ಬಳಿಯುವುದಿಲ್ಲ. ಮಗ್ಗಕ್ಕೆ ಹಾಸು ಹೂಡುವಾಗಲೇ ಎರಡೂ ಪಕ್ಕಕ್ಕೆ ಬೇರೆ ಬಣ್ಣದ ನೂಲು ಹಾಕಿರುತ್ತಾರೆ. ಸೀರೆ ಎಷ್ಟೇ ಉದ್ದ ಬರಲಿ, ಆ ನೂಲು ಹರಿದುಬಂದ ಜಾಗದಲ್ಲೆಲ್ಲ ಅಂಚು ಇರುತ್ತದೆ.

ಯುಕ್ಕಾದ ಕುಡಿಯಲ್ಲೂ ಹೀಗೇ ನಡೆಯುತ್ತದೆ. ಕುಡಿಯ ತುತ್ತತುದಿಯಲ್ಲಿ ಜೀವಕೋಶಗಳು ಪದರ ಪದರವಾಗಿ ಕೂತಿರುತ್ತವೆ. ಯಾವುದೋ ಒಂದು ಕಾಲದಲ್ಲಿ ಅದರಲ್ಲಿ ಒಂದು ಪದರದ ಕೋಶ ಹಸಿರು ಮಾಡುವ ಶಕ್ತಿ ಕಳೆದುಕೊಂಡಿತು. ಆ ಕೋಶದಿಂದ ಹುಟ್ಟಿದ ಕೋಶಗಳೂ ಹಾಗೇ ಬಂದವು. ಪಕ್ಕದ ಪದರ ಮಾತ್ರ ಹಸಿರಾಗೇ ಉಳಿಯಿತು. ಈಗ ಒಂದೇ ಕುಡಿಯಲ್ಲಿ ಎರಡು ಬಗೆಯ ನೂಲು. ಹೊಸ ಎಲೆ ಮೂಡುವಾಗ ಒಂದು ಪದರ ಅಂಚಿಗೆ ಹೋಗುತ್ತದೆ, ಇನ್ನೊಂದು ನಡುವಿಗೆ. ಹುಲ್ಲು, ಕಬ್ಬು, ಯುಕ್ಕಾದಂಥ ಗಿಡಗಳಲ್ಲಿ ಎಲೆ ಬೆಳೆಯುವುದು ಬುಡದಿಂದ ಹೊರಕ್ಕೆ ನೂಕಿಕೊಂಡು. ಮಗ್ಗದಿಂದ ಸೀರೆ ಹೊರಬಂದಂತೆ. ಅದಕ್ಕೇ ಪಟ್ಟೆ ಬುಡದಿಂದ ತುದಿಯವರೆಗೆ ನೀಟಾಗಿ ಓಡುತ್ತದೆ.

ಹೀಗೆ ಎರಡು ಬಗೆಯ ಕೋಶಗಳಿಂದಾದ ಒಂದೇ ಗಿಡವನ್ನು ವಿಜ್ಞಾನಿಗಳು ಕೈಮೆರಾ ಎನ್ನುತ್ತಾರೆ. ಸಿಂಹ, ಮೇಕೆ, ಹಾವು ಸೇರಿದ ಗ್ರೀಕ್ ಕಥೆಯ ಪ್ರಾಣಿಯ ಹೆಸರದು. ನಮ್ಮ ದೇವಸ್ಥಾನದ ಕಂಬಗಳ ಮೇಲೆ ಸಿಂಹದ ಮೈಗೆ ಆನೆಯ ಸೊಂಡಿಲು ಬಂದ ಯಾಳಿ ನೋಡಿದ್ದೀರಲ್ಲ, ಹಾಗೆ.

ಇನ್ನು ಮುಂದೆ ಹೇಳುವ ಆರೈಕೆಯೆಲ್ಲ ಇದರ ಮೇಲೆಯೇ ನಿಂತಿದೆ. ಬಿಳಿ ಭಾಗ ದುಡಿಯುವುದಿಲ್ಲ, ಹಸಿರು ಭಾಗ ಎರಡಕ್ಕೂ ದುಡಿಯುತ್ತದೆ. ಆದ್ದರಿಂದ ಪಟ್ಟೆ ಗಿಡ ಪೂರ್ತಿ ಹಸಿರು ಗಿಡಕ್ಕಿಂತ ನಿಧಾನವಾಗಿ ಬೆಳೆಯುತ್ತದೆ. ಅದು ರೋಗವಲ್ಲ. ಬೇಗ ಬೆಳೆಯಲಿ ಎಂದು ಗೊಬ್ಬರ ಸುರಿದರೆ ಎಲೆ ಮೆತ್ತಗಾಗಿ ಜೋತುಬೀಳುತ್ತದೆ ಅಷ್ಟೆ.

ನೀರಿಲ್ಲದೆ ಹೇಗೆ ಬದುಕುತ್ತದೆ

ಗಿಡಕ್ಕೆ ಅಡುಗೆ ಮಾಡಲು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಬೇಕು. ಅದಕ್ಕಾಗಿ ಎಲೆಯ ಮೇಲಿನ ಸಣ್ಣ ಸಣ್ಣ ಬಾಯಿಗಳನ್ನು ತೆರೆಯಬೇಕು. ತೆರೆದರೆ ಒಳಗಿನ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಹೆಚ್ಚಿನ ಗಿಡಗಳು ಹಗಲಿನಲ್ಲೇ, ಅಂದರೆ ಬಿಸಿಲಿನಲ್ಲೇ ಬಾಯಿ ತೆರೆಯುತ್ತವೆ. ನೀರು ಜಾಸ್ತಿ ಹೋಗುವುದೇ ಆಗ.

ರಾಯಚೂರು, ಕಲಬುರಗಿ ಕಡೆಯವರಿಗೆ ಏಪ್ರಿಲ್‌ನಲ್ಲಿ ಮನೆ ತಂಪಾಗಿಡುವುದು ಗೊತ್ತು. ಹಗಲು ಕಿಟಕಿ ಬಾಗಿಲು ಮುಚ್ಚಿ ಕೂರುತ್ತಾರೆ. ಕತ್ತಲಾದ ಮೇಲೆ ಎಲ್ಲ ತೆರೆದು ಗಾಳಿ ಒಳಗೆ ಬಿಟ್ಟುಕೊಳ್ಳುತ್ತಾರೆ. ಆಲೋಯಿಫೋಲಿಯಾ ಯುಕ್ಕಾ ಮಾಡುವುದೂ ಇದನ್ನೇ. ಹಗಲು ಎಲೆಯ ಬಾಯಿ ಮುಚ್ಚಿರುತ್ತದೆ. ರಾತ್ರಿ ತಂಪಿನಲ್ಲಿ ತೆರೆದು, ಒಳಬಂದ ಇಂಗಾಲದ ಡೈಆಕ್ಸೈಡನ್ನು ಒಂದು ಬಗೆಯ ಹುಳಿಯಾಗಿ ಮಾರ್ಪಡಿಸಿ ಕೂಡಿಟ್ಟುಕೊಳ್ಳುತ್ತದೆ. ಬೆಳಗಾದ ಮೇಲೆ ಬಾಯಿ ಮುಚ್ಚಿಕೊಂಡೇ, ಆ ಹುಳಿಯಿಂದ ಅದನ್ನು ಬಿಡಿಸಿಕೊಂಡು ಬಿಸಿಲಿನಲ್ಲಿ ಅಡುಗೆ ಮಾಡುತ್ತದೆ. ಈ ಪದ್ಧತಿಗೆ ಕ್ಯಾಮ್ ಎಂದು ಹೆಸರು. ಅನಾನಸ್, ಕತ್ತಾಳೆ, ಡ್ರ್ಯಾಗನ್ ಹಣ್ಣಿನ ಗಿಡ ಎಲ್ಲವೂ ಹೀಗೇ ಬದುಕುವುದು.

ಎಲ್ಲ ಯುಕ್ಕಾಗಳೂ ಹೀಗೆ ಮಾಡುವುದಿಲ್ಲ. ನಾರು ಬಿಚ್ಚುವ ಫಿಲಮೆಂಟೋಸಾ ಮಾಮೂಲಿ ಗಿಡಗಳಂತೆ ಹಗಲಿನಲ್ಲೇ ಉಸಿರಾಡುತ್ತದೆ. ಇವೆರಡೂ ಜಾತಿ ಬೆರೆತು ಹುಟ್ಟಿದ್ದು ‘ಯುಕ್ಕಾ ಗ್ಲೋರಿಯೋಸಾ’. ಅದು ಅಪ್ಪ ಅಮ್ಮ ಇಬ್ಬರ ಅಭ್ಯಾಸವನ್ನೂ ಅರ್ಧರ್ಧ ಪಡೆದಿದೆ. ಹಗಲು ಸ್ವಲ್ಪ, ರಾತ್ರಿ ಸ್ವಲ್ಪ. ಒಂದೇ ಮನೆತನದಲ್ಲಿ ಮೂರು ಬಗೆಯೂ ಸಿಗುವುದರಿಂದ, ಗಿಡಗಳು ಬರಕ್ಕೆ ಹೇಗೆ ಹೊಂದಿಕೊಂಡವು ಎಂದು ತಿಳಿಯಲು ವಿಜ್ಞಾನಿಗಳು ಯುಕ್ಕಾವನ್ನು ಆರಿಸಿಕೊಂಡು ನೋಡುತ್ತಿದ್ದಾರೆ.

ನಮಗೆ ಬೇಕಾದ ವಿಷಯ ಇಷ್ಟು. ಈ ಗಿಡ ನೀರನ್ನು ಬಹಳ ನಿಧಾನವಾಗಿ ಖರ್ಚು ಮಾಡುತ್ತದೆ. ನಾವು ದಿನಾ ನೀರು ಹಾಕಿದರೆ ಅದು ಬೇರಿನ ಸುತ್ತ ಹಾಗೇ ನಿಲ್ಲುತ್ತದೆ. ಮಣ್ಣಿನ ಸಂದುಗಳಲ್ಲಿ ಗಾಳಿಯಿರಬೇಕಾದ ಜಾಗವನ್ನೂ ನೀರೇ ತುಂಬಿಕೊಳ್ಳುತ್ತದೆ. ಉಸಿರಾಡಲು ಗಾಳಿಯಿಲ್ಲದೆ ಬೇರು ಸಾಯುತ್ತದೆ. ಸತ್ತ ಬೇರಿಗೆ ಶಿಲೀಂಧ್ರ ಹಿಡಿಯುತ್ತದೆ. ಬೇರು ಸತ್ತ ಗಿಡ ಮೇಲೆ ಬಾಡಿದಂತೆ ಕಾಣುತ್ತದೆ. ಅಯ್ಯೋ ನೀರು ಸಾಲಲಿಲ್ಲ ಎಂದು ನಾವು ಇನ್ನೂ ಹಾಕುತ್ತೇವೆ. ನನ್ನ ಮೊದಲ ಯುಕ್ಕಾ ಹೋದದ್ದು ಹೀಗೆಯೇ. ಜುಲೈ ತಿಂಗಳು, ಕೆಳಗೆ ತಟ್ಟೆ ಇಟ್ಟ ಪ್ಲಾಸ್ಟಿಕ್ ಪಾಟ್. ಎಲೆ ಹಿಡಿದು ಎಳೆದರೆ ಇಡೀ ತಲೆ ಕೈಗೆ ಬಂತು. ಬುಡ ಕೊಳೆತು ನಾರುತ್ತಿತ್ತು. ಆ ವಾಸನೆ ಇವತ್ತಿಗೂ ನೆನಪಿದೆ.

ಮಣ್ಣು, ನೀರು, ಬಿಸಿಲು

ಇದರ ತವರು ಮರಳು ದಿಬ್ಬ ಎಂದೆನಲ್ಲ, ಅದನ್ನು ಮರೆಯಬಾರದು. ಅಲ್ಲೂ ಮಳೆ ಚೆನ್ನಾಗಿಯೇ ಬರುತ್ತದೆ. ಆದರೆ ಬಿದ್ದ ನೀರು ನಿಲ್ಲುವುದಿಲ್ಲ, ಬಸಿದುಹೋಗುತ್ತದೆ. ಹಾಗಾಗಿ ಮಳೆ ಎಷ್ಟು ಎನ್ನುವುದಕ್ಕಿಂತ ನೀರು ಎಷ್ಟು ಬೇಗ ಬಸಿಯುತ್ತದೆ ಎನ್ನುವುದು ಮುಖ್ಯ. ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಸುರಿಯುವ ಮಂಗಳೂರಿನ ಕಡೆಯೂ ಮರಳು ಮಣ್ಣಿನ ಎತ್ತರದ ಪಾತಿಯಲ್ಲಿ ಯುಕ್ಕಾ ಬದುಕಬಲ್ಲದು. ಉಪ್ಪುಗಾಳಿಯೂ ಅದಕ್ಕೆ ಹೊಸದಲ್ಲ. ಮಳೆ ಕಡಿಮೆಯಿದ್ದರೂ ನೀರು ಹಿಡಿದಿಡುವ ಎರೆ ಮಣ್ಣಿನಲ್ಲಿ ತಗ್ಗಿಗೆ ನೆಟ್ಟರೆ ಕೊಳೆಯುತ್ತದೆ.

ಕುಂಡಕ್ಕೆ ನಾನು ಬೆರೆಸುವುದು ಎರಡು ಪಾಲು ಕೆಂಪು ಮಣ್ಣು, ಎರಡು ಪಾಲು ದಪ್ಪ ಮರಳು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ. ಎಂ-ಸ್ಯಾಂಡ್ ಹಾಕುವುದಾದರೆ ಜರಡಿ ಹಿಡಿದು ದೂಳು ತೆಗೆಯಬೇಕು. ಆ ದೂಳು ನೀರಿಗೆ ಸಿಮೆಂಟಿನ ಹಾಗೆ ಗಟ್ಟಿಯಾಗಿ ಕೂರುತ್ತದೆ. ಕೋಕೋಪೀಟ್ ಬೇಡ, ಅದು ನೀರು ಹಿಡಿದಿಡಲೆಂದೇ ಇರುವ ವಸ್ತು. ಮಣ್ಣಿನ ಕುಂಡ ಪ್ಲಾಸ್ಟಿಕ್ಕಿಗಿಂತ ಒಳ್ಳೆಯದು. ಮೈಯೆಲ್ಲ ಉಸಿರಾಡುತ್ತದೆ, ಭಾರವಿರುವುದರಿಂದ ಗಾಳಿಗೆ ಉರುಳುವುದೂ ಇಲ್ಲ. ಕುಂಡದ ಕೆಳಗೆ ತಟ್ಟೆ ಇಡಬೇಡಿ. ನೆಡುವಾಗ ಬುಡ ಮಣ್ಣಿನ ಮಟ್ಟಕ್ಕಿಂತ ಒಂದು ಬೆರಳು ಮೇಲೇ ಇರಲಿ. ಮೇಲೆ ಸಣ್ಣ ಜಲ್ಲಿ ಹರಡಿದರೆ ಬುಡದ ಹತ್ತಿರ ಕೆಸರಾಗುವುದಿಲ್ಲ.

ನೀರಿಗೆ ಕ್ಯಾಲೆಂಡರ್ ನೋಡುವುದಕ್ಕಿಂತ ಬೆರಳು ಹಾಕಿ ನೋಡುವುದು ವಾಸಿ. ಎರಡು ಅಂಗುಲ ಆಳದಲ್ಲಿ ಮಣ್ಣು ಪೂರ್ತಿ ಒಣಗಿದ್ದರೆ ಹಾಕಿ. ಹಾಕುವಾಗ ತಳದ ತೂತಿನಿಂದ ಹೊರಬರುವಷ್ಟು ಹಾಕಿ, ಆಮೇಲೆ ಮತ್ತೆ ಒಣಗುವವರೆಗೆ ಬಿಟ್ಟುಬಿಡಿ. ದಿನಾ ಒಂದೊಂದು ಲೋಟ ಹಾಕುವುದು ಇದಕ್ಕೆ ಆಗಿಬರುವುದಿಲ್ಲ. ಬೆಂಗಳೂರು, ಮೈಸೂರಿನ ಬೇಸಿಗೆಯಲ್ಲಿ ಕುಂಡದ ಗಿಡಕ್ಕೆ ಇದು ಸುಮಾರು ವಾರಕ್ಕೊಮ್ಮೆ ಬರುತ್ತದೆ. ಮಳೆಗಾಲದಲ್ಲಿ ಏನೂ ಬೇಡ. ನೆಲದಲ್ಲಿ ನೆಟ್ಟ ಗಿಡಕ್ಕೆ ಮೊದಲ ವರ್ಷ ನೋಡಿಕೊಂಡರೆ ಸಾಕು. ಬೇರು ಇಳಿದ ಮೇಲೆ ಕಡು ಬೇಸಿಗೆ ಬಿಟ್ಟರೆ ಮಳೆಯೇ ಸಾಲುತ್ತದೆ.

ನೀರಿನ ಗುಣವೂ ಲೆಕ್ಕಕ್ಕೆ ಬರುತ್ತದೆ. ಎಲೆಯ ತುದಿಗಳು ಒಣಗಿ ಕಂದು ಬಣ್ಣಕ್ಕೆ ತಿರುಗಿದರೆ ನೀರಿನಲ್ಲಿರುವ ಉಪ್ಪು ಅಥವಾ ಫ್ಲೋರೈಡ್ ಕಾರಣವಾಗಿರಬಹುದು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಕಡೆಯ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಫಿಲ್ಟರ್‌ನಿಂದ ಹೊರಬೀಳುವ ವೇಸ್ಟ್ ನೀರಿನಲ್ಲೂ ಲವಣ ಜಾಸ್ತಿ. ಬೇರೆ ದಾರಿಯಿಲ್ಲದಾಗ ಈ ನೀರು ಹಾಕಬಹುದು. ಆದರೆ ಕುಂಡದಲ್ಲಿ ಲವಣ ಕೂಡುತ್ತಾ ಹೋಗುತ್ತದೆ. ವರ್ಷಕ್ಕೊಮ್ಮೆಯಾದರೂ ಜೋರು ಮಳೆಗೆ ಕುಂಡವನ್ನು ಒಡ್ಡಿದರೆ ಅದು ತೊಳೆದುಹೋಗುತ್ತದೆ.

ಬಿಸಿಲು ದಿನಕ್ಕೆ ಕನಿಷ್ಠ ಐದಾರು ಗಂಟೆ ಬೇಕು. ನೆರಳಲ್ಲಿಟ್ಟರೆ ಗಿಡ ಬೆಳಕು ಹುಡುಕಿಕೊಂಡು ಸೊರಗಿ ಉದ್ದವಾಗುತ್ತದೆ. ಪಟ್ಟೆಯ ಹೊಳಪೂ ಕಡಿಮೆಯಾಗುತ್ತದೆ. ದುಡಿಯುವ ಹಸಿರು ಮೊದಲೇ ಅರ್ಧ ಇರುವಾಗ ಬೆಳಕನ್ನೂ ಕಡಿಮೆ ಕೊಟ್ಟರೆ ಗಿಡಕ್ಕೆ ಎರಡು ಕಡೆಯಿಂದ ಪೆಟ್ಟು. ಮನೆಯೊಳಗೆ ಇಡಲೇಬೇಕೆಂದರೆ ಅತಿ ಹೆಚ್ಚು ಬಿಸಿಲು ಬೀಳುವ ಕಿಟಕಿಗೆ ತಾಗಿಸಿ ಇಡಿ. ಆದರೆ ಒಂದು ಎಚ್ಚರಿಕೆ. ನರ್ಸರಿಯ ಹಸಿರು ಪರದೆಯ ಕೆಳಗಿದ್ದ ಗಿಡವನ್ನು ತಂದ ದಿನವೇ ಏಪ್ರಿಲ್ ಬಿಸಿಲಿಗೆ ಇಡಬಾರದು. ಬಿಳಿ ಭಾಗ ಮೊದಲು ಸುಡುತ್ತದೆ, ಸುಟ್ಟ ಕಲೆ ಮತ್ತೆ ಮಾಸುವುದಿಲ್ಲ. ಹತ್ತು ಹದಿನೈದು ದಿನ ಬೆಳಗಿನ ಬಿಸಿಲಿಗೆ ಮಾತ್ರ ಇಟ್ಟು, ಆಮೇಲೆ ಪೂರ್ತಿ ಬಿಸಿಲಿಗೆ ತನ್ನಿ.

ಹಸಿರು ಮರಿ, ಬಿಳಿ ಮರಿ

ಬಾಳೆಯ ಬುಡದಲ್ಲಿ ಕಂದು ಏಳುವಂತೆ ಯುಕ್ಕಾದ ಬುಡದಲ್ಲೂ ಮರಿಗಳು ಏಳುತ್ತವೆ. ಅವುಗಳನ್ನು ಸುಮ್ನೆ ಬಿಡಬಾರದು, ಗಮನಿಸಬೇಕು.

ಕೆಲವೊಮ್ಮೆ ಪೂರ್ತಿ ಹಸಿರು ಮರಿ ಬರುತ್ತದೆ. ಆ ಕುಡಿಯಲ್ಲಿ ಎರಡನೆಯ ನೂಲು ತಪ್ಪಿಹೋಗಿದೆ ಎಂದು ಅರ್ಥ. ನೋಡಲು ಆರೋಗ್ಯವಾಗಿ, ದಷ್ಟಪುಷ್ಟವಾಗಿ ಕಾಣುವುದರಿಂದ ಅದನ್ನು ಕೀಳಲು ಯಾರಿಗೂ ಮನಸ್ಸು ಬರುವುದಿಲ್ಲ. ಆದರೆ ಅದರ ಎಲೆಯಿಡೀ ದುಡಿಯುತ್ತದೆ, ಪಟ್ಟೆ ಗಿಡಕ್ಕಿಂತ ಬೇಗ ಬೆಳೆಯುತ್ತದೆ. ಕೆಲವೇ ವರ್ಷಗಳಲ್ಲಿ ಪಟ್ಟೆ ಗಿಡವನ್ನು ಮುಚ್ಚಿಬಿಡುತ್ತದೆ. ‘ನಮ್ಮ ಗಿಡದ ಪಟ್ಟೆ ಹೋಯ್ತು’ ಎನ್ನುವವರ ಮನೆಯಲ್ಲಿ ಎಷ್ಟೋ ಸಲ ಆಗಿರುವುದು ಇದೇ. ಪಟ್ಟೆ ಗಿಡ ಬಣ್ಣ ಕಳೆದುಕೊಂಡಿಲ್ಲ, ಹಸಿರು ಗಿಡದ ಅಡಿಗೆ ಸಿಕ್ಕಿಕೊಂಡಿದೆ. ಹಸಿರು ಮರಿಯನ್ನು ಚಿಕ್ಕದಿರುವಾಗಲೇ ಬುಡ ಸಮೇತ ಕಿತ್ತು ಬೇರೆ ಕಡೆ ನೆಟ್ಟುಬಿಡಿ. ಅದೂ ಒಳ್ಳೆಯ ಗಿಡವೇ.

ಒಮ್ಮೊಮ್ಮೆ ಪೂರ್ತಿ ಬಿಳಿ ಮರಿ ಬರುತ್ತದೆ. ನೋಡಲು ಬಹಳ ಚೆಂದ. ಅದನ್ನು ಬೇರ್ಪಡಿಸಿ ನೆಟ್ಟರೆ ಮಾತ್ರ ಸಾಯುತ್ತದೆ. ಅದಕ್ಕೆ ಅಡುಗೆ ಮಾಡಿಕೊಳ್ಳಲು ಬರುವುದಿಲ್ಲ, ತಾಯಿಯ ಊಟದಲ್ಲೇ ಬದುಕಿದೆ. ತಾಯಿಯ ಜೊತೆಗೇ ಇರಲಿ.

ಗಿಡ ಹೆಚ್ಚಿಸಲು ಬೇಕಾದದ್ದು ಅಂಚು ಸರಿಯಾಗಿ ಮೂಡಿದ ಮರಿ. ಅಂಗೈ ಉದ್ದ ಬೆಳೆದ ಮೇಲೆ, ಸಾಧ್ಯವಾದರೆ ಅದರದೇ ಎರಡು ಬೇರು ಸೇರಿಸಿಕೊಂಡು, ಹರಿತವಾದ ಚಾಕುವಿನಿಂದ ಬಿಡಿಸಿ. ನೆರಳಿನಲ್ಲಿ ನಾಲ್ಕೈದು ದಿನ ಒಣಗಲಿ. ಗಾಯ ಮಾಯದೆ ನೆಟ್ಟರೆ ಅಲ್ಲಿಂದಲೇ ಕೊಳೆ ಶುರುವಾಗುತ್ತದೆ.

ಗಿಡ ತೀರಾ ಎತ್ತರ ಬೆಳೆದು ಕಾಂಡ ಬೋಳಾಗಿದ್ದರೆ ತಲೆಯನ್ನೇ ಒಂದಡಿ ಕಾಂಡದೊಡನೆ ಕತ್ತರಿಸಬಹುದು. ಕೆಳಗಿನ ಎಲೆ ಕಿತ್ತು, ಒಂದು ವಾರ ನೆರಳಲ್ಲಿ ಒಣಗಿಸಿ, ಮರಳು ಜಾಸ್ತಿಯಿರುವ ಮಣ್ಣಿನಲ್ಲಿ ನೆಟ್ಟರೆ ಒಂದೆರಡು ತಿಂಗಳಲ್ಲಿ ಬೇರು ಬಿಡುತ್ತದೆ. ಫೆಬ್ರವರಿಯಿಂದ ಏಪ್ರಿಲ್ ಇದಕ್ಕೆ ಒಳ್ಳೆಯ ಕಾಲ. ಉಳಿದ ಮೋಟಿನ ಪಕ್ಕದಿಂದಲೂ ಹೊಸ ಕುಡಿಗಳು ಏಳುತ್ತವೆ. ಈ ಎರಡು ದಾರಿಯಲ್ಲೂ ಪಟ್ಟೆ ಉಳಿಯುತ್ತದೆ, ಏಕೆಂದರೆ ಎರಡೂ ಪದರ ಇರುವ ಕುಡಿ ಹಾಗೇ ಮುಂದುವರಿಯುತ್ತದೆ. ಬರೀ ಬೇರಿನ ತುಂಡಿನಿಂದ ಗಿಡ ಎಬ್ಬಿಸಿದರೆ ಹೊಸ ಕುಡಿ ಒಂದೇ ಪದರದಿಂದ ಹುಟ್ಟಿ ಹಸಿರಾಗಿಬಿಡಬಹುದು.

ಎಲ್ಲಿ ನೆಡಬೇಕು, ಎಲ್ಲಿ ನೆಡಬಾರದು

ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಆಲೋಯಿಫೋಲಿಯಾವನ್ನು ಕಿಟಕಿಯ ಕೆಳಗೆ ಸಾಲಾಗಿ ನೆಡುವ ರೂಢಿಯಿದೆ, ಕಳ್ಳರು ಹತ್ತಿರ ಬರದಿರಲಿ ಎಂದು. ಅಲ್ಲಿನ ಜನ ಇದನ್ನು ಸ್ಪೇನ್‌ನವರ ಬಂದೂಕಿನ ಕತ್ತಿ ಎಂದೇ ಕರೆಯುತ್ತಾರೆ. ಮುಳ್ಳು ಅಷ್ಟು ಚೂಪು. ಎರಡು ಮೂರಡಿ ಎತ್ತರದ ಗಿಡದ ಎಲೆ ತುದಿ ಸರಿಯಾಗಿ ಒಂದು ಮಗುವಿನ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಆದ್ದರಿಂದ ಓಡಾಡುವ ದಾರಿ, ಮಕ್ಕಳು ಆಡುವ ಜಾಗ, ತುಳಸಿಕಟ್ಟೆಯ ಸುತ್ತ ಇದು ಬೇಡವೇ ಬೇಡ. ಗೋಡೆಯ ಮೂಲೆ, ಕಾಂಪೌಂಡ್ ಅಂಚು, ಎತ್ತರದ ಪಾತಿಯ ಮಧ್ಯೆ ಸರಿ. ಮಕ್ಕಳಿರುವ ಮನೆಯವರು ಉಗುರು ಕತ್ತರಿಯಿಂದ ಮುಳ್ಳಿನ ತುದಿಯನ್ನಷ್ಟೇ ತೆಗೆಯಬಹುದು. ಇಲ್ಲವೇ ಮುಳ್ಳಿಲ್ಲದ ಜಾತಿ, ಯುಕ್ಕಾ ಎಲಿಫೆಂಟಿಪಿಸ್ ತರಬಹುದು. ಅದರಲ್ಲೂ ‘ಜ್ಯುವೆಲ್’ ಎಂಬ ಪಟ್ಟೆ ತಳಿ ಇದೆ. ಒಣ ಎಲೆ ತೆಗೆಯುವಾಗ ಕೈಗವಸು, ಕನ್ನಡಕ ಹಾಕಿಕೊಳ್ಳಿ.

ಪಟ್ಟೆ ಎದ್ದುಕಾಣಬೇಕಾದರೆ ಹಿಂದೆ ಕಪ್ಪು ಛಾಯೆಯ ಹಿನ್ನೆಲೆ ಬೇಕು. ಒರಟು ಕಲ್ಲಿನ ಗೋಡೆ, ದಟ್ಟ ಹಸಿರು ಬೇಲಿ ಚೆನ್ನ. ಬಿಳಿ ಸುಣ್ಣದ ಗೋಡೆಯ ಮುಂದೆ ಇದೇ ಗಿಡ ಮಂಕಾಗಿ ಕಾಣುತ್ತದೆ. ಜೊತೆಗೆ ನೆಡುವುದಾದರೆ ಇದರಷ್ಟೇ ಕಡಿಮೆ ನೀರು ಕೇಳುವ ಗಿಡಗಳನ್ನು ನೆಡಿ. ಬುಡದ ಸುತ್ತ ಟೇಬಲ್ ರೋಸ್, ನಿತ್ಯಪುಷ್ಪ, ಪಕ್ಕದಲ್ಲಿ ಒಂದು ಕತ್ತಾಳೆ ಸಾಕು. ದಿನಾ ನೀರು ಬೇಕಾದ ಗಿಡದ ಪಕ್ಕ ನೆಟ್ಟರೆ ಒಂದಕ್ಕೆ ಬದುಕು, ಇನ್ನೊಂದಕ್ಕೆ ಸಾವು. ಒಂದು ಪಾತಿಗೆ ಒಂದೇ ಯುಕ್ಕಾ ಇದ್ದರೆ ಅದರ ಆಕಾರ ಕಣ್ಣಿಗೆ ಚೆನ್ನಾಗಿ ಸಿಗುತ್ತದೆ ಎನ್ನುವುದು ನನ್ನ ಅನುಭವ.

ರೋಗರುಜಿನ ಕಡಿಮೆ. ಎಲೆಯ ಸಂದಿಯಲ್ಲಿ ಬಿಳಿ ಹತ್ತಿಯಂತೆ ಹಿಟ್ಟು ತಿಗಣೆ ಕೂತರೆ ನೀರನ್ನು ಜೋರಾಗಿ ಹಾಯಿಸಿ ತೊಳೆದು, ಸಂಜೆ ಹೊತ್ತು ಬೇವಿನೆಣ್ಣೆಯನ್ನು ಸೋಪಿನ ನೀರಿಗೆ ಬೆರೆಸಿ ಸಿಂಪಡಿಸಿ. ಮಳೆಗಾಲದಲ್ಲಿ ಕಪ್ಪು ಚುಕ್ಕೆ ಬಂದ ಎಲೆಯನ್ನು ತೆಗೆದುಹಾಕಿ. ನಾಯಿ, ಬೆಕ್ಕು ಎಲೆ ಅಗಿಯದಂತೆ ನೋಡಿಕೊಳ್ಳಬೇಕು. ಯುಕ್ಕಾದಲ್ಲಿ ಸಪೋನಿನ್ ಎಂಬ ವಸ್ತುವಿದೆ, ಅವುಗಳಿಗೆ ವಾಂತಿಯಾಗುತ್ತದೆ. ನಮ್ಮ ಸೀಗೆಕಾಯಿ, ಅಂಟುವಾಳ ನೊರೆ ಬರಿಸುವುದೂ ಇದೇ ಸಪೋನಿನ್‌ನಿಂದ. ಅಮೆರಿಕದ ಮೂಲನಿವಾಸಿಗಳು ಕೆಲವು ಜಾತಿಯ ಯುಕ್ಕಾದ ಬೇರನ್ನು ಜಜ್ಜಿ ತಲೆ ತೊಳೆಯಲು ಬಳಸುತ್ತಾ ಬಂದಿದ್ದಾರೆ. ಎಲೆಯ ನಾರಿನಿಂದ ಹಗ್ಗ, ಬುಟ್ಟಿ ಮಾಡಿದ್ದಾರೆ.

ಹೂವು ಮತ್ತು ಅದರ ಪತಂಗ

ಬಲಿತ ಗಿಡದ ನಡುವಿನಿಂದ ಒಂದು ದಿನ ದಪ್ಪ ಕಾಂಡ ಏಳುತ್ತದೆ. ಅದರ ತುಂಬ ಗಂಟೆಯಂತೆ ಜೋತ ಬಿಳಿ ಹೂಗಳು. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯಕ್ಕೆ ಯುಕ್ಕಾ 1927ರಿಂದ ರಾಜ್ಯದ ಹೂವು. ಎಲ್ ಸಾಲ್ವಡಾರ್ ದೇಶಕ್ಕೆ ಎಲಿಫೆಂಟಿಪಿಸ್ ರಾಷ್ಟ್ರೀಯ ಹೂವು. ಅಲ್ಲಿನ ಜನ ಅದನ್ನು ಮೊಟ್ಟೆಯ ಜೊತೆ ಹುರಿದು ತಿನ್ನುತ್ತಾರೆ.

ಕತ್ತಾಳೆ ಒಮ್ಮೆ ಹೂಬಿಟ್ಟು ಸಾಯುತ್ತದೆ ಎಂದು ಗೊತ್ತಿರುವವರು ಯುಕ್ಕಾ ಹೂವು ಕಂಡು ಗಾಬರಿಯಾಗುತ್ತಾರೆ. ಗಾಬರಿ ಬೇಡ. ಹೂಬಿಟ್ಟ ಆ ತಲೆ ಮುಂದೆ ಬೆಳೆಯುವುದಿಲ್ಲ ಅಷ್ಟೆ. ಪಕ್ಕದಿಂದ ಕವಲೊಡೆದೋ ಬುಡದಲ್ಲಿ ಮರಿ ಇಟ್ಟೋ ಗಿಡ ಮುಂದುವರಿಯುತ್ತದೆ. ಹೂ ಒಣಗಿದ ಮೇಲೆ ಕಾಂಡವನ್ನು ಬುಡಕ್ಕೆ ಕತ್ತರಿಸಿ.

ಈ ಹೂವು ಕಾಯಾಗುವ ಕಥೆ ವಿಶೇಷವಾದದ್ದು. ತವರಿನಲ್ಲಿ ಇದಕ್ಕೆಂದೇ ಒಂದು ಪುಟ್ಟ ಪತಂಗವಿದೆ. ಬೇರೆ ಕೀಟಗಳು ಮಕರಂದಕ್ಕೆ ಬಂದು, ಮೈಗೆ ಅಂಟಿದ ಪರಾಗವನ್ನು ಗೊತ್ತಿಲ್ಲದೆ ಇನ್ನೊಂದು ಹೂವಿಗೆ ಮುಟ್ಟಿಸುತ್ತವೆ. ಇದು ಹಾಗಲ್ಲ. ಹೆಣ್ಣು ಪತಂಗದ ಬಾಯಿಯ ಹತ್ತಿರ ಪರಾಗ ಹಿಡಿಯಲೆಂದೇ ಕೈಯಂಥ ಅಂಗಗಳಿವೆ. ಅವುಗಳಿಂದ ಪರಾಗ ಕೆರೆದು ಉಂಡೆ ಕಟ್ಟಿ ಹೊತ್ತೊಯ್ಯುತ್ತದೆ. ಇನ್ನೊಂದು ಹೂವಿನ ಅಂಡಾಶಯದಲ್ಲಿ ಮೊಟ್ಟೆಯಿಡುತ್ತದೆ. ಆಮೇಲೆ ಆ ಉಂಡೆಯಿಂದ ಪರಾಗ ತೆಗೆದು ಹೂವಿನ ಶಲಾಕೆಯ ತುದಿಗೆ ತಾನೇ ತುರುಕುತ್ತದೆ. ಕಾಯಿ ಕಟ್ಟುತ್ತದೆ, ಮರಿಹುಳುಗಳು ಒಂದಿಷ್ಟು ಬೀಜ ತಿನ್ನುತ್ತವೆ, ಉಳಿದದ್ದು ಗಿಡದ ಪಾಲು. ಪತಂಗ ಆಸೆಬುರುಕತನದಿಂದ ಒಂದೇ ಹೂವಿಗೆ ಬಹಳ ಮೊಟ್ಟೆಯಿಟ್ಟರೆ ಗಿಡ ಆ ಹೂವನ್ನೇ ಉದುರಿಸಿಬಿಡುತ್ತದೆ. 1870ರ ದಶಕದಲ್ಲಿ ಅಮೆರಿಕದ ಮಿಸ್ಸೂರಿಯಲ್ಲಿ ಜಾರ್ಜ್ ಎಂಗೆಲ್ಮನ್ ಎಂಬ ವೈದ್ಯ ಮತ್ತು ಚಾರ್ಲ್ಸ್ ರೈಲಿ ಎಂಬ ಕೀಟತಜ್ಞ ಇದನ್ನು ಲೋಕಕ್ಕೆ ತಿಳಿಸಿದಾಗ ಡಾರ್ವಿನ್ ಕೂಡ ಬೆರಗಾಗಿದ್ದ.

ಆ ಪತಂಗ ನಮ್ಮಲ್ಲಿಲ್ಲ. ಹಾಗಾಗಿ ಇಲ್ಲಿ ಹೆಚ್ಚಿನ ಯುಕ್ಕಾ ಹೂಗಳು ಕಾಯಾಗದೆ ಉದುರುತ್ತವೆ. ಆಲೋಯಿಫೋಲಿಯಾ ಮಾತ್ರ ಸ್ವಲ್ಪ ಬೇರೆ, ಪತಂಗವಿಲ್ಲದ ಕಡೆಯೂ ಕಾಯಿ ಕಟ್ಟಬಲ್ಲದು. ಆಸಕ್ತಿಯಿದ್ದವರು 0 ನಂಬರಿನ ಪೇಂಟಿಂಗ್ ಬ್ರಷ್ ಹಿಡಿದು, ಹೂ ಪೂರ್ತಿ ಅರಳುವ ಸಂಜೆ ಹೊತ್ತಿನಲ್ಲಿ ಪತಂಗದ ಕೆಲಸವನ್ನು ತಾವೇ ಮಾಡಿ ನೋಡಬಹುದು. ಕಾಯಿ ಹಣ್ಣಾದರೆ ಒಳಗೆ ಚಪ್ಪಟೆ ಕಪ್ಪು ಬೀಜಗಳಿರುತ್ತವೆ. ಬಿತ್ತಿದರೆ ಮೊಳಕೆಯೂ ಬರುತ್ತದೆ. ಆದರೆ ಪ್ರತಿ ಬೀಜ ಶುರುವಾಗುವುದು ಒಂದೇ ಕೋಶದಿಂದ, ಎರಡು ನೂಲು ಅದರೊಳಗೆ ದಾಟಲಾರವು. ಸಸಿ ಬಂದರೆ ಪೂರ್ತಿ ಹಸಿರು, ಇಲ್ಲವೇ ಕೆಲವೇ ದಿನ ಬದುಕುವ ಪೂರ್ತಿ ಬಿಳಿ. ಪಟ್ಟೆಯ ಯುಕ್ಕಾ ಬೇಕಾದರೆ ಮತ್ತೆ ತಾಯಿಗಿಡದ ಬುಡದಲ್ಲೇ ಅಂಚು ಮೂಡಿದ ಮರಿ ಹುಡುಕಬೇಕು.